ಪ್ರತಿಕ್ರಿಯೆ: ಮೀನಿಗೆ ಬೇರೆ ನಕ್ಷೆ ಯಾಕೆ?

ಕಾಡು ಉಳಿದರೆ ಹೊಳೆ ಮೀನೂ ಉಳಿಯುತ್ತದೆ, ಕಾಡಿನ ನಕ್ಷೆ ಇರುವಾಗ ಮೀನಿನ ಜಾಗಗಳಿಗೆ ಬೇರೆ ನಕ್ಷೆ ಯಾಕೆ ಅಂತ ಕೇಳಿದ್ದೀರಿ. ಕಾವೇರಿ ವನ್ಯಧಾಮವನ್ನೇ ನೋಡಿ. ನದಿ ಅದರೊಳಗೇ ಹರಿಯುತ್ತದೆ, ಆದರೆ ಎಷ್ಟು ನೀರು ಬರಬೇಕು ಅನ್ನುವುದು ಮೇಲಿನ ಅಣೆಕಟ್ಟಿನಲ್ಲಿ ತೀರ್ಮಾನ ಆಗುತ್ತದೆ. ಅಲ್ಲಿನ ಡುಬ್ಬದ ಮಹಶೀರ್ ಅನ್ನುವ ದೊಡ್ಡ ಹೊಳೆ ಮೀನು 2018ರಲ್ಲಿ, ಅಳಿವಿನಂಚಿನ ಜೀವಿಗಳನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದ ಸಾಲಿಗೆ ಸೇರಿತು.

ದಕ್ಷಿಣ ಕನ್ನಡದ ಶಿಶಿಲಕ್ಕೆ ಹೋಗಿದ್ದೀರಾ? ದೇವಸ್ಥಾನದ ಹತ್ತಿರ ಕಪಿಲಾ ಹೊಳೆಗೆ ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ದೊಡ್ಡ ದೊಡ್ಡ ಮೀನುಗಳು ಕಾಲ ಬುಡಕ್ಕೇ ಬಂದು ಬಾಯಿ ತೆರೆಯುತ್ತವೆ. ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಆದರೂ 1996ರಲ್ಲಿ ಹೊಳೆಗೆ ವಿಷ ಬಿದ್ದು ಸಾವಿರಾರು ಸತ್ತವು.

ಅದಕ್ಕೇ ಮೀನಿರುವ ಮಡು, ಮೊಟ್ಟೆ ಇಡುವ ಜಾಗ, ಅಣೆಕಟ್ಟು ಎಲ್ಲಾ ನಕ್ಷೆಯಲ್ಲಿ ಗುರುತಿಸಿ, ಮೇಲೆ ವನ್ಯಧಾಮದ ಗಡಿ ಇಟ್ಟು ನೋಡಬೇಕು. ಹೊರಗೆ ಉಳಿದ ಮಡುಗಳಿಗೆ ವನ್ಯಧಾಮದ ಕಾವಲು ಇಲ್ಲ. ನಿಮ್ಮೂರ ಹೊಳೆಯಿಂದಲೇ ಶುರು ಮಾಡಿ, ಗಾಳ ಹಾಕುವ ಹಿರಿಯರನ್ನು ಮೊದಲು ಕೇಳಿ.