4ಕೆ ಗೇಮಿಂಗ್: ಹಳೇ ಪಿಸಿಯಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು?

ಪ್ರಶ್ನೆ: ನನ್ನ ಪಿಸಿ 2020ರದ್ದು. ರೈಜನ್ 5 3600 ಪ್ರೊಸೆಸರ್, ಬಿ450 ಬೋರ್ಡ್, 16 ಜಿಬಿ ರ್ಯಾಮ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 500 ವಾಟಿನ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಘಟಕ). 4ಕೆಯಲ್ಲಿ ಆಡಬೇಕೆಂದು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ‘ಇದರಲ್ಲಿ ಏನೂ ಉಳಿಯಲ್ಲ, ಎಲ್ಲ ಹೊಸದೇ ಬೇಕು’ ಎಂದು ಎರಡೂಕಾಲು ಲಕ್ಷದ ಕೊಟೇಶನ್ ಕೊಟ್ಟರು. ನನ್ನ ಕೈಯಲ್ಲಿರುವುದು ಒಂದು ಲಕ್ಷ.
– ಡೊಂಬಿವಲಿಯ ಓದುಗರು

ಉತ್ತರ: ಬೋರ್ಡ್, ರ್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಎಲ್ಲವನ್ನೂ ಇಟ್ಟುಕೊಳ್ಳಿ. ಒಂದು ಲಕ್ಷದ ಮೇಲೆ ಹತ್ತು ಸಾವಿರದಷ್ಟು ಹೊಂದಿಸಿಕೊಂಡರೆ ನಿಮ್ಮ ಕೆಲಸ ಆಗುತ್ತದೆ.

ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 4ಕೆಯಲ್ಲಿ 82.9 ಲಕ್ಷ. ನಾಲ್ಕು ಪಟ್ಟಾದ ಈ ಹೊರೆ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಪ್ರೊಸೆಸರ್‌ಗೆ ಒಂದು ಫ್ರೇಮಿನ (ಪರದೆಗೆ ಬರುವ ಒಂದೊಂದು ಚಿತ್ರದ) ಕೆಲಸ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಪ್ರೊಸೆಸರಿನ ತಾಕತ್ತು ಎಷ್ಟೆಂದು ದುಡ್ಡು ಬಿಚ್ಚುವ ಮೊದಲೇ ತಿಳಿಯಬಹುದು. ನೀವು ಆಡುವ ಗೇಮನ್ನು 1080ಪಿಗೆ (ಫುಲ್ ಎಚ್‌ಡಿಗೆ) ಇಳಿಸಿ, ಸೆಟ್ಟಿಂಗ್ ಎಲ್ಲ ‘ಲೋ’ ಮಾಡಿ, ಜನಸಂದಣಿ ಇರುವ ಜಾಗದಲ್ಲಿ ಹತ್ತು ನಿಮಿಷ ಆಡಿ. ಕಾರ್ಡಿನ ಮೇಲೆ ಕಣ್ಣಿಡುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಾರ್ಡಿನ ಬಳಕೆ ಶೇ. 90ಕ್ಕಿಂತ ಬಹಳ ಕೆಳಗಿದ್ದು ಫ್ರೇಮ್ ಸೆಕೆಂಡಿಗೆ 80ರ ಆಸುಪಾಸು ನಿಂತಿದ್ದರೆ, ಪ್ರೊಸೆಸರಿನ ಮಿತಿ ಆ 80. ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಆ ಗೇಮಿನಲ್ಲಿ ಅದನ್ನು ದಾಟುವುದಿಲ್ಲ. 60 ಫ್ರೇಮ್ ಸಾಕು ಎನ್ನುವವರಿಗೆ 3600 ಇನ್ನೂ ನಡೆಯುತ್ತದೆ.

ಕಾರ್ಡಿನಲ್ಲಿ 16 ಜಿಬಿ ಮೆಮೊರಿ ಇರಲೇಬೇಕೆಂಬುದು ನಮ್ಮ ಅಭಿಪ್ರಾಯ. 12 ಜಿಬಿಯ ಆರ್‌ಟಿಎಕ್ಸ್ 5070 ಅಗ್ಗ, ನಿಜ. ಆದರೆ ರೇ ಟ್ರೇಸಿಂಗ್ (ಬೆಳಕು, ನೆರಳು ನೈಜವಾಗಿ ಕಾಣಿಸುವ ಸೆಟ್ಟಿಂಗ್) ಹಾಕಿ 4ಕೆಯಲ್ಲಿ ಆಡಿದರೆ ಕೆಲವು ಗೇಮ್‌ಗಳಲ್ಲಿ ಮೆಮೊರಿ ತುಂಬಿ, ಸರಾಗವಾಗಿ ಓಡುತ್ತಿದ್ದ ಚಿತ್ರ ಇದ್ದಕ್ಕಿದ್ದಂತೆ ಎಳೆದಾಡುತ್ತದೆ. ಆರ್‌ಎಕ್ಸ್ 9070 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5070 ಟಿಐ ನೋಡಿ. ಎರಡೂ 300 ವಾಟ್ ಆಸುಪಾಸು ಎಳೆಯುವುದರಿಂದ ನಿಮ್ಮ 500 ವಾಟಿನ ಎಸ್‌ಎಂಪಿಎಸ್ ಹೋಗಲೇಬೇಕು. 750 ವಾಟಿನ ಗೋಲ್ಡ್ ದರ್ಜೆಯದು ತನ್ನಿ. ಬಿ450 ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟಿನ ಹಳೇ ಪೀಳಿಗೆಯಾದ ಪಿಸಿಐಇ 3.0 ಮಾತ್ರ ಇದೆ ಎಂದು ಅಂಗಡಿಯವರು ಹೆದರಿಸಬಹುದು. ಈ ಎರಡೂ ಕಾರ್ಡ್‌ಗಳು 16 ಲೇನಿನವು (ಲೇನ್ ಎಂದರೆ ಬೋರ್ಡಿಗೂ ಕಾರ್ಡಿಗೂ ನಡುವೆ ಮಾಹಿತಿ ಓಡುವ ದಾರಿ), ನಷ್ಟ ಅಲ್ಪ. ಎಂಟೇ ಲೇನಿನ, 8 ಜಿಬಿಯ ಕಾರ್ಡ್‌ಗಳಿಗೆ ಆ ಪೆಟ್ಟು ಜೋರಾಗಿ ಬೀಳುತ್ತದೆ.

ಲೆಕ್ಕ ಹೀಗೆ: 9070 ಎಕ್ಸ್‌ಟಿಗೆ ಸುಮಾರು 65ರಿಂದ 72 ಸಾವಿರ, ಎಸ್‌ಎಂಪಿಎಸ್‌ಗೆ 8ರಿಂದ 9, 27 ಇಂಚಿನ 4ಕೆ 144 ಹರ್ಟ್ಸ್ ಮಾನಿಟರಿಗೆ 30ರ ಸುತ್ತಮುತ್ತ. 5070 ಟಿಐ ಆದರೆ ಹತ್ತು ಸಾವಿರ ಹೆಚ್ಚು. ದರ ವಾರ ವಾರ ಏರಿಳಿಯುತ್ತದೆ, ಮೂರು ಕಡೆ ಜಿಎಸ್‌ಟಿ ಬಿಲ್ಲಿನ ಸಮೇತ ಕೇಳಿ. ಬಿಲ್ಲಿಲ್ಲದೆ ವಾರಂಟಿಗೆ ಪರದಾಡಬೇಕಾಗುತ್ತದೆ. ಹೊಸ ಬೋರ್ಡಿಗೆ ಹೋದರೆ ಡಿಡಿಆರ್5 ರ್ಯಾಮ್ ಕೊಳ್ಳಬೇಕು. 2025ರ ಕೊನೆಯಿಂದ ರ್ಯಾಮ್ ಬೆಲೆ ಗಗನಕ್ಕೇರಿದೆ, ಆ ಕೊಟೇಶನ್ ಉಬ್ಬಿರುವುದಕ್ಕೆ ಅದೂ ಒಂದು ಕಾರಣ.

ಮುಂದೆ ಕೈಯಲ್ಲಿ ಹಣ ಕೂಡಿದಾಗ ಇದೇ ಬೋರ್ಡಿಗೆ ರೈಜನ್ 7 5700ಎಕ್ಸ್ ಹಾಕಿ. ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಇಲ್ಲವಾದರೆ ಹೊಸದು ಹಾಕಿದ ಮೇಲೆ ಪರದೆ ಕಪ್ಪಾಗಿಯೇ ಇರುತ್ತದೆ. ಕೂಲರ್ ಬಿಚ್ಚುವ ಮೊದಲು ಪಿಸಿಯನ್ನು ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಕೂಲರನ್ನು ಮೆಲ್ಲಗೆ ಎಡಬಲಕ್ಕೆ ತಿರುಗಿಸಿ ತೆಗೆಯಿರಿ. ತಣ್ಣಗಿರುವಾಗ ನೇರ ಎಳೆದರೆ ಕೂಲರಿನಡಿಯ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನುಗಳು ಬಾಗುತ್ತವೆ.

ಕಾರ್ಡ್ ಕೊಳ್ಳುವ ಮುಂಚೆ ಕ್ಯಾಬಿನೆಟ್ಟಿನ ಹಿಂಬದಿಯಿಂದ ಮುಂದಿನ ಫ್ಯಾನಿನವರೆಗೆ ಅಳೆಯಿರಿ, 33 ಸೆಂ.ಮೀ. ಉದ್ದದ ಕಾರ್ಡ್‌ಗಳೂ ಇವೆ. ಕಾರ್ಡಿನ 8 ಪಿನ್ನಿನ ಪ್ರತಿ ಸಾಕೆಟ್ಟಿಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೇಬಲ್ ಎಳೆಯಿರಿ. 5070 ಟಿಐಯ 16 ಪಿನ್ ಕನೆಕ್ಟರ್ ಆದರೆ ಒಂದು ಕೂದಲೆಳೆಯಷ್ಟೂ ಸಂದು ಕಾಣದಂತೆ ಒತ್ತಿ ಕೂರಿಸಿ, ಬುಡದಲ್ಲೇ ಕೇಬಲ್ ಬಗ್ಗಿಸಬೇಡಿ. ಅರ್ಧ ಕೂತ ಕನೆಕ್ಟರ್ ಬಿಸಿಯಾಗಿ ಕರಗಬಹುದು.

ಪ್ರಶ್ನೆ: ಹೊಸ ಕಾರ್ಡ್ ಹಾಕಿಸಿದ ಮೇಲೆ, ಗೇಮ್ ಆಡುವಾಗ ಕರೆಂಟು ಹೋದರೆ ಯುಪಿಎಸ್ ಕಿರುಚಿಕೊಂಡು ಪಿಸಿ ಅಲ್ಲೇ ಆಫ್ ಆಗುತ್ತದೆ. ಮಳೆಗಾಲದಲ್ಲಂತೂ ದಿನಾ ಇದೇ ಗೋಳು. ಯುಪಿಎಸ್ 600 ವಿಎಯದು.
– ವಾಸ್ಕೋದ ಓದುಗರು

ಉತ್ತರ: ಯುಪಿಎಸ್ ಕೆಟ್ಟಿಲ್ಲ, ಭಾರ ಹೊರಲಾರದೆ ಕೈಚೆಲ್ಲುತ್ತಿದೆ. 600 ವಿಎ ಎಂದರೆ ಸಾಮಾನ್ಯವಾಗಿ 360 ವಾಟ್. ನಿಮ್ಮ ಹೊಸ ಕಾರ್ಡ್ 300 ವಾಟಿನದಾದರೆ, ಪ್ರೊಸೆಸರ್, ಮಾನಿಟರ್ ಸೇರಿ 450 ದಾಟುತ್ತದೆ. ಕೊಳ್ಳುವಾಗ ವಿಎ ನೋಡಬೇಡಿ, ಹಿಂಭಾಗದಲ್ಲಿ ಅಚ್ಚಾಗಿರುವ ವಾಟ್ ನೋಡಿ. ನಿಮಗೆ 600 ವಾಟಿಗೆ ಕಡಿಮೆ ಬೇಡ. ಅದೂ ಕೊಡುವುದು ಕೆಲವೇ ನಿಮಿಷ, ಗೇಮ್ ಸೇವ್ ಮಾಡಿ ಪಿಸಿ ಮುಚ್ಚುವುದಕ್ಕೆ. ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟನ್ನು (ಕಾರ್ಡ್ ಎಳೆಯುವ ವಿದ್ಯುತ್ತಿನ ಮಿತಿಯನ್ನು) ಸ್ವಲ್ಪ ಇಳಿಸಿ. ಫ್ರೇಮ್ ಕಡಿಮೆಯಾಗುವುದು ಅಲ್ಪ, ಬಿಸಿ ಇಳಿಯುವುದು ಬಹಳ. ಕಡಲ ಪಕ್ಕದ ಊರು, ಹಾಗಾಗಿ ಆಷಾಢ–ಶ್ರಾವಣದಲ್ಲಿ ಪಿಸಿಯನ್ನು ವಾರಗಟ್ಟಲೆ ಮುಚ್ಚಿಡಬೇಡಿ. ಆಗಾಗ ಒಂದೆರಡು ಗಂಟೆ ಓಡಿಸಿದರೆ ಒಳಗಿನ ತೇವ ಆರುತ್ತದೆ.

ಪ್ರಶ್ನೆ: ಮನೆಯಲ್ಲಿ 43 ಇಂಚಿನ 4ಕೆ ಟಿವಿ ಇದೆ. ಮಾನಿಟರಿನ ದುಡ್ಡು ಉಳಿಸಬಹುದೇ?
– ಪಿಂಪ್ರಿಯ ಓದುಗರು

ಉತ್ತರ: 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ) ಸಾಕೆನಿಸಿದರೆ ಧಾರಾಳವಾಗಿ. ಎಚ್‌ಡಿಎಂಐ 2.0 ಪೋರ್ಟಿನಲ್ಲಿ 4ಕೆಗೆ 60ರ ಮೇಲೆ ಹೋಗುವುದಿಲ್ಲ, 120 ಬೇಕಾದರೆ 2.1 ಇರಬೇಕು. ಟಿವಿಯಲ್ಲಿ ‘ಗೇಮ್ ಮೋಡ್’ ಹಾಕದಿದ್ದರೆ ಮೌಸ್ ಅಲ್ಲಾಡಿಸಿದ ಮೇಲೆ ಚಿತ್ರ ತಡವಾಗಿ ಕದಲುತ್ತದೆ. ಅಕ್ಷರ ಮಸುಕಾಗಿ ಕಂಡರೆ ಆ ಪೋರ್ಟಿನ ಎಚ್‌ಡಿಎಂಐ ಸೆಟ್ಟಿಂಗನ್ನು ‘ಎನ್‌ಹಾನ್ಸ್ಡ್’ಗೆ ಬದಲಿಸಿ. ಕಾರ್ಡ್ ಏದುಸಿರು ಬಿಟ್ಟರೆ ಗೇಮಿನ ರೆಸಲ್ಯೂಶನ್ ಇಳಿಸುವ ಬದಲು ಗೇಮಿನ ಸೆಟ್ಟಿಂಗ್‌ನಲ್ಲಿ ಡಿಎಲ್‌ಎಸ್‌ಎಸ್ (ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಮಾತ್ರ; ಆರ್‌ಎಕ್ಸ್ ಕಾರ್ಡ್‌ಗಳಲ್ಲಿ ಎಫ್‌ಎಸ್‌ಆರ್) ‘ಕ್ವಾಲಿಟಿ’ ಹಾಕಿ. ಒಳಗೆ 1440ಪಿಯಲ್ಲಿ ಚಿತ್ರ ತಯಾರಾಗಿ 4ಕೆಗೆ ಹಿಗ್ಗುತ್ತದೆ, ನೇರ 1440ಪಿ ಕೊಟ್ಟಾಗ ಕಾಣುವ ಮಸುಕು ಇದರಲ್ಲಿ ಬಹುತೇಕ ಇರುವುದಿಲ್ಲ.