ಗಂಡನ ಆಫೀಸಿನಲ್ಲಿ ಇಂಗ್ಲಿಷ್ ಸಾಕು, ನಾನ್ಯಾಕೆ ಜರ್ಮನ್ ಕಲೀಬೇಕು?

ಪ್ರಶ್ನೆ: ನಾನು ದಾವಣಗೆರೆಯವಳು. ಎಂ.ಕಾಂ. ಮುಗಿಸಿ ಆರು ವರ್ಷ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡಿದ್ದೆ. ಯಜಮಾನರಿಗೆ ಬ್ಲೂ ಕಾರ್ಡ್, ಅಂದರೆ ಓದಿದವರಿಗೆ ಅಲ್ಲಿ ಕೆಲಸ ಮಾಡಿ ವಾಸಿಸಲು ಕೊಡುವ ಪರವಾನಗಿ, ಸಿಕ್ಕಿತು, ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಯಿತು. ಅವರ ಆಫೀಸಿನಲ್ಲಿ ಎಲ್ಲ ಇಂಗ್ಲಿಷ್. ನಾನು ಅರ್ಜಿ ಹಾಕಿದ ಕಡೆಯೆಲ್ಲ ಜರ್ಮನ್ ಬರುತ್ತಾ ಅಂತ ಕೇಳುತ್ತಾರೆ. ಪರಿಚಯದವರು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಇದೆ, ಭಾಷೆ ಬೇಡ, ಸೇರಿಕೋ ಅನ್ನುತ್ತಿದ್ದಾರೆ. ಒಂದು ವರ್ಷ ಭಾಷೆಗೆ ಹಾಕಿದರೆ ಸಂಬಳದಲ್ಲಿ ನಿಜವಾಗಿ ಸಿಗುತ್ತಾ?

ಉತ್ತರ: ಸಿಗುತ್ತೆ. ಆದರೆ ನಿಮಗೆ ಸಿಗುವಷ್ಟು ನಿಮ್ಮ ಯಜಮಾನರಿಗೆ ಸಿಗುವುದಿಲ್ಲ. ಅವರನ್ನು ನೋಡಿಕೊಂಡು ನೀವು ತೀರ್ಮಾನ ಮಾಡಬೇಡಿ.

ಅವರು ಬರೆಯುವ ಕೋಡ್ ಬೆಂಗಳೂರಿನಲ್ಲೂ ಅದೇ, ಸ್ಟುಟ್‌ಗಾರ್ಟ್‌ನಲ್ಲೂ ಅದೇ. ನಿಮ್ಮ ಕೆಲಸ ಹಾಗಲ್ಲ. ಲೆಕ್ಕ ಬರೆಯುವುದು ಅಂದರೆ ಕಾನೂನು ಓದುವುದು, ಮತ್ತು ಅಲ್ಲಿಯ ತೆರಿಗೆ ಕಾನೂನು, ತೆರಿಗೆ ಆಫೀಸಿನ ಪತ್ರ, ಗಿರಾಕಿ ತಂದುಕೊಡುವ ಬಿಲ್ಲು ಎಲ್ಲ ಜರ್ಮನ್‌ನಲ್ಲೇ ಇರುತ್ತವೆ. ನಮ್ಮಲ್ಲಿ ಜಿಎಸ್‌ಟಿ ರಿಟರ್ನ್ ಹಾಕುತ್ತಿದ್ದಿರಲ್ಲ, ಅಲ್ಲೂ ಅಂಥದ್ದೇ ಇದೆ, ತಿಂಗಳ ಲೆಕ್ಕ ಕೊಡುವವರು ಮುಂದಿನ ತಿಂಗಳ 10ರೊಳಗೆ ಕಳಿಸಬೇಕು. ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವುದಕ್ಕೆ ನಾವು ಇನ್‌ಪುಟ್ ಕ್ರೆಡಿಟ್ ಅನ್ನುತ್ತೇವಲ್ಲ, ಅದಕ್ಕೆ ಅವರು ಫೋರ್‌ಷ್ಟೊಯರ್ ಅನ್ನುತ್ತಾರೆ. ಒಂದೂವರೆ ಸಾವಿರ ಯೂರೋವನ್ನು 1.500,00 ಅಂತ ಬರೆಯುತ್ತಾರೆ, ಚುಕ್ಕಿ ಕಾಮಾ ಎರಡೂ ಅದಲುಬದಲು. ಇದರ ಹಿಂದಿರುವ ಲೆಕ್ಕ ನಿಮಗೆ ಆಗಲೇ ಗೊತ್ತು, ಆರು ವರ್ಷ ಅದನ್ನೇ ಮಾಡಿದ್ದೀರಿ. ಭಾಷೆ ಇಲ್ಲದಿದ್ದರೆ ಆ ಆರು ವರ್ಷಕ್ಕೆ ಅಲ್ಲಿ ಬೆಲೆಯೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ: ಓದಿ ದುಡಿದ ಎಷ್ಟೋ ಹೆಣ್ಣುಮಕ್ಕಳು ಗಂಡನ ಹಿಂದೆ ಹೋಗಿ ಸುಮ್ನೆ ಕೂತುಬಿಡುತ್ತಾರೆ.

ಭಾಷೆ ಬಂದವರಿಗೆ ಸಂಬಳ ಜಾಸ್ತಿ ಅನ್ನುವುದು ಎಲ್ಲರೂ ಕಂಡದ್ದೇ. ಆದರೆ ಚುರುಕಾದವರು ಭಾಷೆಯನ್ನೂ ಬೇಗ ಕಲಿಯುತ್ತಾರೆ, ಸಂಬಳವನ್ನೂ ಜಾಸ್ತಿ ತರುತ್ತಾರೆ ಅಂತ ಯಾರಾದರೂ ವಾದ ಮಾಡಬಹುದು, ಅಲ್ವಾ? ಇದನ್ನು ಬಿಡಿಸಿ ನೋಡಲು ಬ್ಲೀಕ್ಲಿ ಮತ್ತು ಚಿನ್ ಅನ್ನುವ ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಳ್ಳೆಯ ದಾರಿ ಹಿಡಿದರು. ಚಿಕ್ಕವರಿದ್ದಾಗಲೇ ಅಮೆರಿಕಕ್ಕೆ ಬಂದವರನ್ನು ಅವರು ಹೋಲಿಸಿದರು, ಒಂದು ಕಡೆ ಇಂಗ್ಲಿಷ್ ಆಡುವ ದೇಶದಿಂದ ಬಂದವರು, ಇನ್ನೊಂದು ಕಡೆ ಬೇರೆ ಭಾಷೆಯ ದೇಶದವರು. ಚಿಕ್ಕ ವಯಸ್ಸಿಗೆ ಬಂದಷ್ಟೂ ಹೊಸ ಭಾಷೆ ಚೆನ್ನಾಗಿ ಬರುತ್ತೆ, ಆದರೆ ಯಾವ ವಯಸ್ಸಿಗೆ ಬಂದರು ಅನ್ನುವುದನ್ನು ಮಗು ಆರಿಸಿಕೊಂಡಿರುವುದಿಲ್ಲ, ಹಾಗಾಗಿ ಚುರುಕುತನದ ವಾದ ಇಲ್ಲಿ ನಿಲ್ಲುವುದಿಲ್ಲ. ಭಾಷೆಯಿಂದ ಸಂಬಳ ಏರುವುದು ನಿಜ ಅಂತಲೇ ಅಲ್ಲಿ ಕಂಡಿತು. ಅದರಲ್ಲಿ ದೊಡ್ಡ ಪಾಲು ಬಂದದ್ದು ಭಾಷೆ ಬಂದವರು ಹೆಚ್ಚು ಓದಿದ್ದರಿಂದ. ಜರ್ಮನಿಯ ವಲಸಿಗರ ಬಗ್ಗೆ ಡುಸ್ಟ್‌ಮನ್ ಅನ್ನುವ ಅರ್ಥಶಾಸ್ತ್ರಜ್ಞ 1994ರಲ್ಲಿ ತೋರಿಸಿದ್ದು ನಿಮಗೆ ಇನ್ನೂ ಹತ್ತಿರದ ಮಾತು. ಸಂಬಳಕ್ಕೆ ಮಾತಿಗಿಂತ ಹೆಚ್ಚಾಗಿ ಬರವಣಿಗೆ ಮುಖ್ಯ. ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟು ಜರ್ಮನ್ ಬಂದರೆ ಜೀವನ ಸಲೀಸಾಗುತ್ತೆ, ಸಂಬಳ ಏರುವುದಿಲ್ಲ.

ಭಾಷೆಯ ಮಟ್ಟವನ್ನು ಎ1, ಎ2, ಬಿ1, ಬಿ2 ಅಂತ ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತಾರೆ, ಎ1 ತೀರಾ ಆರಂಭದ್ದು. ಹಾಗಾಗಿ ಎ1, ಎ2 ಮುಗಿಸಿ ನಿಲ್ಲಿಸಬೇಡಿ. ಹೆಚ್ಚಿನವರು ಸೋಲುವುದೇ ಇಲ್ಲಿ. ಆರು ತಿಂಗಳು ಕ್ಲಾಸಿಗೆ ಹೋದೆ, ಏನೂ ಪ್ರಯೋಜನ ಆಗಲಿಲ್ಲ ಅನ್ನುತ್ತಾರೆ. ಆಗುವುದಿಲ್ಲ, ಯಾಕೆಂದರೆ ಮೇಜಿನ ಕೆಲಸಕ್ಕೆ ಫಲ ಕಾಣುವುದು ಬಿ2 ಹತ್ತಿರ ಬಂದಾಗ. ಮಂಗಳೂರಿನಿಂದ ಹೋಗುವ ನರ್ಸ್‌ಗಳಿಗೆ ಅಲ್ಲಿ ನರ್ಸ್ ಅಂತ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಬೇಕೇ ಬೇಕು. ಅಕೌಂಟ್ಸ್ ಕೆಲಸಕ್ಕೆ ಅಂಥ ಕಾನೂನಿನ ತಡೆ ಇಲ್ಲ, ಆದರೆ ಎದುರು ಕೂತವರು ನಿಮ್ಮ ಮೊದಲ ಇಮೇಲ್ ನೋಡಿದ ಕೂಡಲೇ ಅಳೆದುಬಿಡುತ್ತಾರೆ.

ಬ್ಲೂ ಕಾರ್ಡ್ ಇರುವವರ ಹೆಂಡತಿಗೆ ವೀಸಾ ಪಡೆಯಲು ಜರ್ಮನ್ ಪರೀಕ್ಷೆ ಬೇಕಿಲ್ಲ, ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕೂ ಇದೆ. ಒಳ್ಳೆಯದೇ. ಆದರೆ ಇದರಿಂದಲೇ ಎಷ್ಟೋ ಜನ ಒಂದು ಅಕ್ಷರ ಬರದೆ ವಿಮಾನ ಹತ್ತುತ್ತಾರೆ. ವಲಸೆ ಬಂದವರಿಗಾಗಿ ಅಲ್ಲಿಯ ಸರ್ಕಾರ ನಡೆಸುವ ಇಂಟಿಗ್ರೇಷನ್ ಕೋರ್ಸಿನಲ್ಲಿ 600 ಪಾಠದ ಅವಧಿ ಭಾಷೆಗೆ, 100 ದೇಶದ ಪರಿಚಯಕ್ಕೆ. ಗುರಿ ಬಿ1. ಸೀಟು, ಶುಲ್ಕದ ನಿಯಮ ಬದಲಾಗುತ್ತಿರುತ್ತೆ, ಅಲ್ಲೇ ವಿಚಾರಿಸಿ. ಯಜಮಾನರನ್ನೂ ಎಳೆದುಕೊಂಡು ಹೋಗಿ. ಬಿ1 ಇದ್ದರೆ ಬ್ಲೂ ಕಾರ್ಡಿನವರಿಗೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿ ಕೇಳಬಹುದು, ಎ1 ಮಾತ್ರ ಇದ್ದರೆ 27. ನಾಳೆ ಕೆಲಸ ಬದಲಿಸಬೇಕಾಗಿ ಬಂದರೆ ಅವರಿಗೂ ಭಾಷೆ ಬೇಕಾಗುತ್ತೆ.

ಗೋದಾಮಿನ ಕೆಲಸದಲ್ಲಿ ಕೀಳು ಅನ್ನುವಂಥದ್ದೇನಿಲ್ಲ. ಮನೆಗೆ ದುಡ್ಡು ಬೇಕಿದ್ದರೆ ವಾರಕ್ಕೆ ಎರಡು ದಿನ ಮಾಡಿ. ಇಡೀ ವಾರ ಬೇಡ. ದಿನಪೂರ್ತಿ ಡಬ್ಬಕ್ಕೆ ಟೇಪ್ ಹಚ್ಚುತ್ತಾ ನಿಂತರೆ ಮಾತಾಡಲು ಜನ ಸಿಗುವುದಿಲ್ಲ, ಮನೆಗೆ ಬಂದಾಗ ಪುಸ್ತಕ ತೆಗೆಯಲು ಕಸುವೂ ಇರುವುದಿಲ್ಲ. ಎರಡು ವರ್ಷ ಹೀಗೇ ಹೋದರೆ ಬಯೋಡೇಟಾದಲ್ಲಿ ಆಡಿಟರ್ ಆಫೀಸಿನ ಅನುಭವ ಹಳೆಯದಾಗಿಬಿಡುತ್ತೆ.

ಬಿ2 ಸರ್ಟಿಫಿಕೇಟ್ ಕೈಗೆ ಬರಲಿ ಅಂತ ಕಾಯಬೇಡಿ. ಬಿ1 ಆದ ಕೂಡಲೇ ಸಣ್ಣ ತೆರಿಗೆ ಸಲಹೆಗಾರರ ಆಫೀಸುಗಳಿಗೆ ಅರ್ಧ ದಿನದ ಕೆಲಸಕ್ಕೆ ಅರ್ಜಿ ಹಾಕಿ, ಸಂಬಳ ಕಡಿಮೆಯಾದರೂ ಪರವಾಗಿಲ್ಲ. ಮನೆಗೆ ಬರುವ ಕರೆಂಟ್ ಬಿಲ್ಲು, ವಿಮೆಯ ಪತ್ರಗಳನ್ನು ಇನ್ನು ಮೇಲೆ ನೀವೇ ಓದಿ, ಉತ್ತರವನ್ನೂ ನೀವೇ ಬರೆಯಿರಿ. ಅರ್ಜಿಯನ್ನೂ ಜರ್ಮನ್‌ನಲ್ಲೇ ಬರೆದು, ಕಳಿಸುವ ಮೊದಲು ಕ್ಲಾಸಿನ ಟೀಚರ್‌ಗೆ ಒಂದು ಸಲ ತೋರಿಸಿ.