ವಿಂಡೋಸ್ 11 ಹಾಕಿದ ಮೇಲೆ ನಿಧಾನವೇ? ಮೊದಲು ಡಿಸ್ಕ್ ನೋಡಿ

ವಿಂಡೋಸ್ 10ರಿಂದ 11ಕ್ಕೆ ಹೋಗಿ ನಾಲ್ಕು ದಿನವಾಯಿತು, ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್, ಆನ್ ಆಗಲು ಹತ್ತು ನಿಮಿಷ ಬೇಕು ಅಂದಿದ್ದೀರಿ. ಫಾರ್ಮ್ಯಾಟ್ ಮಾಡಿಸಲು ಆತುರ ಬೇಡ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಡಿಸ್ಕ್ 100% ಮುಟ್ಟಿ ಅಲ್ಲೇ ಕೂತಿದೆಯಾ? ಅಪ್‌ಗ್ರೇಡ್ ಆದ ಹೊಸದರಲ್ಲಿ ಸರ್ಚ್ ಇಂಡೆಕ್ಸಿಂಗ್ (ಬೇಗ ಹುಡುಕಲು ಫೈಲ್‌ಗಳ ಪಟ್ಟಿ ಮಾಡಿಕೊಳ್ಳುವುದು), ಅಪ್‌ಡೇಟ್ ಎಲ್ಲ ಹಿಂದೆ ಓಡುತ್ತಿರುತ್ತವೆ. ಒಂದು ರಾತ್ರಿ ಚಾರ್ಜರ್ ಹಾಕಿ, ಸ್ಲೀಪ್ ಆಗದಂತೆ ಬಿಟ್ಟು ನೋಡಿ. ಟಾಸ್ಕ್ ಮ್ಯಾನೇಜರ್‌ನಲ್ಲೇ ಇರುವ ಸ್ಟಾರ್ಟ್‌ಅಪ್ ಆಪ್ಸ್‌ನಲ್ಲಿ (ಆನ್ ಆದೊಡನೆ ತಾವೇ ಶುರುವಾಗುವ ಆಪ್‌ಗಳ ಪಟ್ಟಿ) ಬೇಡದ್ದನ್ನು ಡಿಸೇಬಲ್ ಮಾಡಿ. ಆಂಟಿವೈರಸ್ ಎರಡಿದ್ದರೆ ಒಂದನ್ನು ತೆಗೆಯಿರಿ.

ಆಮೇಲೂ ಅದೇ ಕಥೆಯಾದರೆ ಹಾರ್ಡ್‌ಡಿಸ್ಕಿನ ಮೇಲೇ ನನ್ನ ಅನುಮಾನ. ವಿಂಡೋಸ್ 11ಕ್ಕೆ 4 ಜಿಬಿ ತೀರಾ ಕನಿಷ್ಠ. ರ‍್ಯಾಮ್ ತುಂಬಿದರೆ ಉಳಿದದ್ದನ್ನು ಡಿಸ್ಕಿಗೆ ತಳ್ಳುತ್ತದೆ, ತಿರುಗುವ ಡಿಸ್ಕಿಗೆ ಆ ಓಟ ಆಗುವುದಿಲ್ಲ. ದುಡ್ಡು ಒಂದಕ್ಕೇ ಇದ್ದರೆ ನಾನಾದರೆ ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸುತ್ತೇನೆ, ರ‍್ಯಾಮ್ ಆಮೇಲೆ. ಕಂಪ್ಯೂಟರ್ ವೇಗ ಮಾಡುತ್ತೇವೆ ಅನ್ನುವ ಕ್ಲೀನರ್ ಸಾಫ್ಟ್‌ವೇರ್‌ಗೆ ದುಡ್ಡು ಕೊಡೋದು ಸುಮ್ನೆ ದಂಡ.

ಹಾಂ, ಹಳೆಯದಕ್ಕೇ ಮರಳಬೇಕಾದರೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್’ ಇದೆ. ಅಪ್‌ಗ್ರೇಡ್ ಆಗಿ 10 ದಿನದೊಳಗೆ ಮಾತ್ರ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಅದು ನೆನಪಿರಲಿ.